ನನ್ನ ಸಲುವಾಗಿ ಬೆಕ್ಕಿನ ಉಗುರು ಕೀಳಬೇಡಿ

ನಾನೊಂದು ಬೆತ್ತದ ಕುರ್ಚಿ. ಹುಟ್ಟಿದ ದಿನವೇ ನನಗೆ ಅರ್ಧ ವಯಸ್ಸು ಕಳೆದಿತ್ತು. ನನ್ನ ಮೈಯಲ್ಲಿರುವ ಸಾಗುವಾನಿ ಅದಕ್ಕೂ ಮೊದಲು ಒಂದು ರೈಲು ಡಬ್ಬಿಯ ಬಾಗಿಲ ಚೌಕಟ್ಟಾಗಿತ್ತು. ಡಬ್ಬಿ ಹಳತಾಗಿ, ಹುಬ್ಬಳ್ಳಿಯಲ್ಲಿ ಅದನ್ನು ಬಿಚ್ಚಿ ಲಿಲಾವಿಗೆ ಹಾಕಿದಾಗ ಮೌನೇಶ ಬಡಿಗೇರರು ಆ ಕಟ್ಟಿಗೆಯನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದರು. ನಾಲ್ಕು ಕಾಲು, ಎರಡು ಕೈ, ತುಸು ಹಿಂದಕ್ಕೆ ಬಾಗಿದ ಬೆನ್ನು, ಇಷ್ಟನ್ನು ಅವರು ಮಾಡಿದರು. ಕೂಡುವ ಜಾಗದಲ್ಲಿ ಮಾತ್ರ ಬರಿ ಚೌಕಟ್ಟು, ಅದರ ಸುತ್ತ ಸಾಲಾಗಿ ಸಣ್ಣ ತೂತುಗಳು. ಆವತ್ತು ಯಾರಾದರೂ ಕೂತಿದ್ದರೆ ನೆಟ್ಟಗೆ ನೆಲಕ್ಕೆ ಇಳಿಯುತ್ತಿದ್ದರು.

ನನ್ನನ್ನು ಕುರ್ಚಿ ಮಾಡಿದವನು ಯಮನೂರಪ್ಪ. ಆಗ ಅವನಿಗೆ ಇಪ್ಪತ್ತರ ಆಸುಪಾಸು. ಸಣ್ಣವನಿದ್ದಾಗ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಕುರುಡರ ಶಾಲೆಯಲ್ಲಿ ಬೆತ್ತ ಹೆಣೆಯುವುದನ್ನು ಕಲಿತಿದ್ದ. ಅವನು ಬಂದವನೇ ನನ್ನ ತೂತುಗಳನ್ನೆಲ್ಲ ಬೆರಳಿನಿಂದ ಮುಟ್ಟಿ ಎಣಿಸಿದ. ಆಮೇಲೆ ಬಕೆಟ್ಟಿನ ನೀರಿನಲ್ಲಿ ನೆನೆದ ಬೆತ್ತದ ಸೀಳನ್ನು ಎತ್ತಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಎಳೆದು ನೋಡಿದ. ಬೆತ್ತಕ್ಕೆ ಒಂದು ಹೊಳಪಿನ ಬದಿ, ಒಂದು ಒರಟು ಬದಿ. ಹೊಳಪು ಮೇಲೆ ಬರಬೇಕು. ಕಣ್ಣಿದ್ದವರೂ ಅವಸರದಲ್ಲಿ ತಪ್ಪುವ ಕೆಲಸ ಅದು. ಅವನು ಒಮ್ಮೆಯೂ ತಪ್ಪಲಿಲ್ಲ. ಉದ್ದಕ್ಕೆ, ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ, ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಸಲ. ಒಟ್ಟು ಆರು ಸುತ್ತು. ಮೂರು ದಿನ ಹಿಡಿಯಿತು. ಕೊನೆಗೆ ಅಂಗೈಯಿಂದ ನನ್ನ ನಡುವಿಗೆ ಬಡಿದು, "ಯಾರ ಬೇಕಾದ್ರೂ ಕೂಡ್ರಲಿ, ಹನ್ನೆರಡ ವರ್ಷ ಈ ಹೆಣಿಕಿ ನನ್ನ ಜಿಮ್ಮಾ," ಅಂದ.

ಅವನು ಹೇಳಿದಂತೆಯೇ ಆಯಿತು. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ನನ್ನ ಬೆತ್ತ ಸೋಲುತ್ತಿತ್ತು, ಅವನು ಬಂದು ಹೊಸದು ಹಾಕುತ್ತಿದ್ದ. ನನ್ನ ಯಜಮಾನರು ಬದಲಾದರು. ಕೈ ಮಾತ್ರ ಅವನದೇ.

ಮೊದಲು ನಾನು ಹೋದದ್ದು ಹಲ್ಲಿನ ಡಾಕ್ಟರು ನಾಡಗೌಡರ ದವಾಖಾನೆಗೆ. ಒಳಗೆ ಕರೆಯುವ ತನಕ ರೋಗಿಗಳು ಕೂಡುತ್ತಿದ್ದ ಕುರ್ಚಿ ನಾನು. ನನ್ನ ಮೈಮೇಲಿನ ಗೀರುಗಳ ಕಥೆ ಅಲ್ಲಿಂದಲೇ ಶುರು. ಒಳಗಿನಿಂದ ಒಂದು ನರಳಾಟ ಕೇಳಿದರೆ ಸಾಕು, ಹೊರಗೆ ಕೂತವರ ಉಗುರು ನನ್ನ ಕೈಗಳಲ್ಲಿ ಇಳಿಯುತ್ತಿತ್ತು. ಒಬ್ಬ ಪೈಲವಾನ ಬಂದಿದ್ದ. ಗರಡಿಮನೆಯಲ್ಲಿ ಹತ್ತು ಜನರನ್ನು ಕೆಡವಿದವನಂತೆ. ಅವನ ದವಡೆಹಲ್ಲಿನ ಸರದಿ ಬರುವಷ್ಟರಲ್ಲಿ ನನ್ನ ಬಲಗೈ ಮೇಲೆ ನಾಲ್ಕು ಅರ್ಧಚಂದ್ರ ಮೂಡಿದ್ದವು. ಇವತ್ತಿಗೂ ಇವೆ. ಅವನ್ನು ನೋಡಿ ನಾಡಗೌಡರು ನಕ್ಕರು. ಹಲ್ಲು ಕಿತ್ತರು, ಉಗುರು ಕೀಳಲಿಲ್ಲ.

ಆಮೇಲೆ ಖಾದರಸಾಬರ ಫೋಟೋ ಸ್ಟುಡಿಯೋಕ್ಕೆ ಹೋದೆ. ಅಲ್ಲಿ ನನಗೆ ಮರ್ಯಾದೆ ಹೆಚ್ಚು. ಮದುವೆ ಗೊತ್ತಾದ ಹುಡುಗಿಯರು, ಜವಳ ತೆಗೆಸಿದ ಕೂಸುಗಳು, ನಿವೃತ್ತಿಯಾದ ಮಾಸ್ತರರು, ಎಲ್ಲರೂ ನನ್ನ ಮೇಲೆ ಕೂತು ಉಸಿರು ಹಿಡಿದರು. ಕೂಸುಗಳು ಉಚ್ಚೆ ಹೊಯ್ದವು. ಒಬ್ಬ ಮದುಮಗಳು ತನ್ನ ಉಂಗುರದ ಹರಳಿನಿಂದ ನನ್ನ ಎಡಗೈಯ ಮೇಲೆ, ಯಾರಿಗೂ ಕಾಣದ ಹಾಗೆ, ಒಂದು ಗೆರೆ ಕೊರೆದಳು. ಯಾಕೆ ಕೊರೆದಳೋ ನನಗೆ ತಿಳಿಯದು. ಫೋಟೋದಲ್ಲಿ ಮುಖ ನಗುತ್ತಿತ್ತು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನನ್ನ ಮೈಮೇಲಿನ ಗೀರುಗಳಲ್ಲಿ ಹೆಚ್ಚಿನವು ಮನುಷ್ಯರವು. ಅವರನ್ನು ಯಾರೂ ಯಾವ ಡಾಕ್ಟರ ಹತ್ತಿರವೂ ಒಯ್ಯಲಿಲ್ಲ.

ಎಲ್ಲರ ಕೈಯಲ್ಲೂ ಫೋನು ಬಂದ ಮೇಲೆ ಖಾದರಸಾಬರ ಸ್ಟುಡಿಯೋ ಮುಚ್ಚಿತು. ನನ್ನನ್ನು ಕೊಂಡವನು ವಿರೂಪಾಕ್ಷಿ. ಪಾಟಿ, ಪೆನ್ನು, ಪುಸ್ತಕದ ಅಂಗಡಿ ಇಟ್ಟವನು. ಕೆಟ್ಟವನಲ್ಲ. ಆದರೆ ತನ್ನಿಂದ ಒಂದು ತಪ್ಪಾಯಿತೆಂದು ಹೇಳುವುದು ಅವನ ನಾಲಿಗೆಗೆ ಬರುತ್ತಿರಲಿಲ್ಲ. ಮನೆಯಲ್ಲಿ ಅವನ ಹೆಂಡತಿ ಸುನಂದಾ, ತಾಯಿ ಗೌರವ್ವ. ನಾನು ಪಡಸಾಲೆಯಲ್ಲಿ ಗೌರವ್ವನ ಕುರ್ಚಿಯಾದೆ. ಪಲ್ಲೆ ಸೋಸುವುದು, ಚಹಾ ಕುಡಿಯುವುದು, ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುವುದು, ಎಲ್ಲ ನನ್ನ ಮೇಲೆ ಕೂತೇ.

ಕೆಂಚಿ ಎಂಬ ಬೆಕ್ಕು ಆ ಮನೆಗೆ ಬಂದದ್ದು ಅಂಗೈಯಷ್ಟು ಮರಿಯಾಗಿ. ಕೆಂಗಂದು ಬಣ್ಣ, ಬಾಲದ ತುದಿ ಮಾತ್ರ ಬಿಳಿ. ಸುನಂದಾ ಅದನ್ನು ಗಟಾರದ ಪಕ್ಕದಿಂದ ಸೆರಗಿನಲ್ಲಿ ಸುತ್ತಿ ತಂದಳು.

"ಹೊರಗ ಬಿಡು ಅದನ್ನ. ಮನಿ ತುಂಬ ಕೂದಲಾ ಮಾಡತೈತಿ," ಅಂದಳು ಗೌರವ್ವ.

"ಎರಡ ದಿನ ಇರ್ಲಿ ಬಿಡ್ರಿ ಅತ್ತಿ."

ಮೂರನೆಯ ದಿನ ಮರಿ ಗೌರವ್ವನ ಮಡಿಲಲ್ಲಿ ಮಲಗಿತ್ತು. ಸುನಂದಾ ಅದನ್ನು ಎತ್ತಲು ಬಂದರೆ, "ಎಬ್ಬಸಬ್ಯಾಡ, ಈಗರೆ ಮಲಗೇತಿ," ಅಂದಳು ಮುದುಕಿ. ಮುಂದೆ ಕೂದಲಿನ ಮಾತು ಬರಲಿಲ್ಲ.

ಕೆಂಚಿ ಬೆಳೆದಂತೆ ನನ್ನ ಹಿಂದಿನ ಎಡಗಾಲು ಅವಳದಾಯಿತು. ಬೆಳಿಗ್ಗೆ ಎದ್ದ ಕೂಡಲೇ ಬಂದು, ಮುಂದಿನ ಎರಡೂ ಪಾದಗಳನ್ನು ಎತ್ತರಕ್ಕೆ ಇಟ್ಟು ಕೆರೆಯುತ್ತಿದ್ದಳು. ಸಾಗುವಾನಿ ಅಷ್ಟಕ್ಕೆಲ್ಲ ಹೆದರುವ ಜಾತಿಯಲ್ಲ. ನನಗೆ ನೋವಿಲ್ಲ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ.

ನನಗೆ ನಿಜವಾದ ಪೆಟ್ಟು ಬಿದ್ದದ್ದು ಬೇರೆಯವರಿಂದ. ಒಂದು ಮಧ್ಯಾಹ್ನ ಹೆಂಗಸರಿಬ್ಬರೂ ಸಂಬಂಧಿಕರ ಮನೆಯ ಸೀಮಂತಕ್ಕೆ ಹೋಗಿದ್ದರು. ವಿರೂಪಾಕ್ಷಿ ಒಬ್ಬನೇ ಇದ್ದ. ಪಡಸಾಲೆಯ ಟ್ಯೂಬಲೈಟು ಹೋಗಿತ್ತು. ಏಣಿ ತರಲು ಬೇಸರ. ನನ್ನನ್ನು ಎಳೆದು, ಚಪ್ಪಲಿ ಸಮೇತ ನನ್ನ ಮೇಲೆ ಹತ್ತಿ ನಿಂತ. ಬೆತ್ತದ ಹೆಣಿಗೆ ಕೂಡುವವರ ಭಾರವನ್ನು ಎಲ್ಲ ಕಡೆ ಹಂಚಿಕೊಳ್ಳುತ್ತದೆ. ನಿಂತವರ ಭಾರ ಎರಡು ಹಿಮ್ಮಡಿಗಳಲ್ಲಿ ಇಳಿಯುತ್ತದೆ. ಚಟಚಟ ಎಂದೆ. ಅವನು ಕೆಳಗೆ ಜಿಗಿದು, ನನ್ನ ನಡುವಿನಲ್ಲಿ ಬಿದ್ದ ತೂತನ್ನು ನೋಡಿ, ಆ ಕಡೆ ಈ ಕಡೆ ನೋಡಿದ. ಕೆಂಚಿ ಕಿಟಕಿಯಲ್ಲಿ ಕೂತು ಕಾಲು ನೆಕ್ಕಿಕೊಳ್ಳುತ್ತಿದ್ದಳು.

ಸಂಜೆ ಹೆಂಗಸರು ಬಂದಾಗ, "ನೋಡವ್ವ ನಿನ್ನ ಬೆಕ್ಕಿನ ಪರಾಕ್ರಮ," ಅಂದ. "ಕೆರದ ಕೆರದ ಕುರ್ಚಿ ಹರದ ಇಟ್ಟೈತಿ."

ಆ ಮಾತು ಕೇಳಿ ನನ್ನ ಕೀಲುಗಳೆಲ್ಲ ಬಿಗಿದುಕೊಂಡವು. ಆದರೆ ಕುರ್ಚಿಯ ಸಾಕ್ಷಿ ಯಾರಿಗೆ ಬೇಕು?

ಯಮನೂರಪ್ಪನನ್ನು ಕರೆಸಬೇಕೆಂದು ಗೌರವ್ವ ಹೇಳಿದಳು. ಮುದುಕ ಎಲ್ಲಿದ್ದಾನೋ, ಹುಡುಕುತ್ತಾ ಯಾರು ತಿರುಗಬೇಕು, ಎಂದು ವಿರೂಪಾಕ್ಷಿ ಅಂಗಡಿಯಿಂದ ಒಂದು ಗೋಣಿತಟ್ಟು ತಂದ. ಅದನ್ನು ನನ್ನ ಕೆಳಗಿನಿಂದ ನಾಲ್ಕು ಮೂಲೆಗೆ ಸುತಳಿಯಿಂದ ಬಿಗಿದ. ಮೇಲೆ ಒಂದು ದಿಂಬು ಹಾಕಿದ. "ಇನ್ನ ಬೆಕ್ಕಲ್ಲ, ಹುಲಿ ಬಂದ್ರೂ ಹರಿಯೂದಿಲ್ಲ," ಅಂದ.

ಬೆಕ್ಕು ಸಾಕಿದ ಮನೆಯಲ್ಲಿ ಯಾರೂ ಮಾಡಬಾರದ ಕೆಲಸ ಅದು. ಗೋಣಿತಟ್ಟೆಂದರೆ ಬೆಕ್ಕಿಗೆ ಪ್ರಾಣ. ಉಗುರು ಸಿಕ್ಕಿಕೊಳ್ಳುತ್ತದೆ, ಎಳೆದರೆ ಪರ್ ಎನ್ನುತ್ತದೆ. ಮೊದಲು ದಿನಕ್ಕೆ ಒಮ್ಮೆ ನನ್ನ ಕಾಲು ಕೆರೆದು ಹೋಗುತ್ತಿದ್ದ ಕೆಂಚಿ ಈಗ ಹಗಲೆಲ್ಲ ನನ್ನ ಅಡಿಯಲ್ಲೇ. ಅಂಗಾತ ಮಲಗಿ, ನಾಲ್ಕೂ ಕಾಲಿನಿಂದ ಗೋಣಿಗೆ ನೇತುಬಿದ್ದು, ತೊಟ್ಟಿಲಾಡಿದಂತೆ ಆಡುತ್ತಿದ್ದಳು. ಅವಳ ಉಗುರು ತಟ್ಟಿನ ಒಳಗಿನಿಂದ ತೂತಿನ ತನಕ ಬರುವುದು ನನಗೆ ಗೊತ್ತಾಗುತ್ತಿತ್ತು. ದಿಂಬು ಪಕ್ಕಕ್ಕೆ ಸರಿದ ದಿನ ಏನಾಗುತ್ತದೆ ಎಂಬುದೂ ಗೊತ್ತಿತ್ತು.

ಆ ದಿನ ಬಂತು. ಗೌರವ್ವ ಮೆಂತ್ಯದ ಪಲ್ಲೆ ಸೋಸುತ್ತ ಕೂತಿದ್ದಳು. ದಿಂಬು ಬೆನ್ನಿಗೆ ಹೋಗಿತ್ತು. ಕೆಳಗೆ ಕೆಂಚಿ ಗೋಣಿಯಲ್ಲಿ ಏನೋ ಅಲ್ಲಾಡಿದ್ದು ಕಂಡು ಜಿಗಿದಳು.

"ಯವ್ವಾ ಸತ್ತೆ!" ಎಂದು ಮುದುಕಿ ಎದ್ದಳು. ಮೊರ ಮಗುಚಿ ಬಿತ್ತು, ಪಲ್ಲೆ ಚೆಲ್ಲಿತು. ತೊಡೆಯ ಹಿಂದೆ ಸೀರೆಗೆ ರಕ್ತ. ಗೌರವ್ವನಿಗೆ ಸಕ್ಕರೆ ಕಾಯಿಲೆ. ಗಾಯ ಮಾಯಲು ಮೂರು ವಾರ ಹಿಡಿಯಿತು. ದಿನಾ ಸುನಂದಾ ಔಷಧ ಹಚ್ಚುತ್ತಿದ್ದಳು. ಕೆಂಚಿ ದೂರದಿಂದ ನೋಡುತ್ತಿದ್ದಳು. ಹತ್ತಿರ ಬಂದರೆ ವಿರೂಪಾಕ್ಷಿಯ ಚಪ್ಪಲಿ ಹಾರುತ್ತಿತ್ತು.

ಅವನು ಹೆದರಿದ್ದ, ಅದು ಸುಳ್ಳಲ್ಲ. ತಾಯಿಯ ಕಾಲು ಅಂದರೆ ಯಾರಿಗಾದರೂ ಹೆದರಿಕೆಯೇ. ಆದರೆ ಆ ಹೆದರಿಕೆಯ ಕೆಳಗೆ ಇನ್ನೊಂದಿತ್ತು. ತೂತು ಯಾರದು ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದಷ್ಟೂ ಬೆಕ್ಕಿನ ಮೇಲೆ ಸಿಟ್ಟು ಏರುತ್ತಿತ್ತು.

ಒಂದು ಸಂಜೆ ಅವನು ಸುದ್ದಿ ತಂದ. ನಾಯಿ ಬೆಕ್ಕಿನ ತಿನಿಸು ಮಾರುವ ಅಂಗಡಿಯವನು ಹೇಳಿದ್ದನಂತೆ.

"ಪರಊರಾಗ ಒಬ್ಬ ಡಾಕ್ಟರ್ ಅದಾನ. ಬೆಕ್ಕಿನ ಉಗರ ತಗದಬಿಡತಾನ. ನಿದ್ದಿ ಸೂಜಿ ಮಾಡತಾರ, ಅದಕ್ಕ ಗೊತ್ತೂ ಆಗೂದಿಲ್ಲ. ಒಮ್ಮೆ ತಗದ್ರ ಮತ್ತ ಬರೂದ ಇಲ್ಲ. ಸೋಮವಾರ ಹೊತಗೊಂಡ ಹೋಗ್ತೀನಿ. ಮಂಗಳವಾರ ಆ ಯಮನೂರಪ್ಪನ್ನ ಕರಸಿ ಕುರ್ಚಿ ಹೊಸದಾಗಿ ಹೆಣಸೂಣು. ಉಗರ ಇಲ್ಲದ ಬೆಕ್ಕು, ಗೀರಿಲ್ಲದ ಕುರ್ಚಿ. ಎಲ್ಲಾ ಸುದ್ದ ಆತು."

ಮತ್ತೆ ಬರುವುದೇ ಇಲ್ಲ! ನಾನು ಓದು ಕಲಿತಿಲ್ಲ. ನನ್ನ ಮೇಲೆ ಕೂತವರ ಪತ್ರಿಕೆಯ ಹಿಂದಿನ ಪುಟವನ್ನಷ್ಟೇ ಕಂಡಿದ್ದೇನೆ. ಆದರೆ ನಾನು ಮರ. ಚಿಗುರು ಕತ್ತರಿಸಿದರೆ ಮತ್ತೆ ಬರುತ್ತದೆ, ಗೆಣ್ಣೇ ಕತ್ತರಿಸಿದರೆ ಬರುವುದಿಲ್ಲ. ಮನುಷ್ಯರ ಉಗುರು ವಾರಕ್ಕೊಮ್ಮೆ ಕತ್ತರಿಸಿದರೂ ಬರುತ್ತದೆ. ಮತ್ತೆ ಬರದ ಹಾಗೆ ತೆಗೆಯುತ್ತಾರೆಂದರೆ ತೆಗೆಯುವುದು ಬರಿ ಉಗುರನ್ನಲ್ಲ. ಇಷ್ಟು ತಿಳಿಯಲು ಶಾಲೆ ಬೇಕೆ? ಅದೂ ಯಾರ ಸಲುವಾಗಿ? ಗೀರಿಲ್ಲದ ಕುರ್ಚಿಯ ಸಲುವಾಗಿ. ಅಂದರೆ ನನ್ನ ಸಲುವಾಗಿ. ನನಗೆ ಬೇಡವಾದ ಉಪಕಾರವನ್ನು ನನ್ನ ತಲೆಗೆ ಕಟ್ಟಿ, ಅದಕ್ಕಾಗಿ ಇನ್ನೊಂದು ಜೀವದ ಬೆರಳು!

ಸುನಂದಾ ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ಆದರೆ ಮರುದಿನ ಹೂವಿನವಳ ಕೈಯಲ್ಲಿ ಯಮನೂರಪ್ಪನಿಗೆ ಹೇಳಿ ಕಳಿಸಿದಳು. ಮಂಗಳವಾರ ಅಲ್ಲ, ಭಾನುವಾರವೇ ಬಾ ಎಂದು.

ಭಾನುವಾರ ಬೆಳಿಗ್ಗೆ ಕೋಲು ಟಕ್ ಟಕ್ ಎಂದು ಬಂತು. ಯಮನೂರಪ್ಪ ಬೆನ್ನು ಬಾಗಿ ಮುದುಕನಾಗಿದ್ದ. ಹೆಗಲ ಮೇಲೆ ಬೆತ್ತದ ಸುರುಳಿ. ವಿರೂಪಾಕ್ಷಿ ಪತ್ರಿಕೆಯಿಂದ ತಲೆ ಎತ್ತಿ, "ಇವತ್ಯಾಕ ಬಂದಿ ಅಜ್ಜಾ? ಮಂಗಳವಾರ ಹೇಳಬೇಕಂತಿದ್ದೆ," ಅಂದ.

"ಬಂದೇನಿ, ಕೆಲಸಾ ಕೊಡ್ರಿ. ಈ ವಯಸ್ಸಿನಾಗ ಮಂಗಳವಾರದ ತನಕ ಇರ್ತೀನೋ ಇಲ್ಲೋ."

ಅವನು ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಕೈ ಇಟ್ಟ. ನನಗೆ ತಟ್ಟನೆ ತಿಳಿಯಿತು, ಕೈ ಬದಲಾಗಿತ್ತು. ಒಂಬತ್ತು ಬೆರಳು ಮೊದಲಿನಂತೆ ನನ್ನನ್ನು ಗುರುತಿಸಿದವು. ಎಡಗೈಯ ತೋರುಬೆರಳು ಮಾತ್ರ ಮೋಟಾಗಿ, ಮೂಕವಾಗಿ ಬಂದು ತಾಗಿತು. ತುದಿಯ ಗೆಣ್ಣು ಇರಲಿಲ್ಲ.

ಸುತಳಿ ಬಿಚ್ಚಿ ಗೋಣಿ ತೆಗೆದ. ಗೋಣಿಯನ್ನು ಮೂಸಿ, ಸವರಿ, ನಕ್ಕ. "ಯಾರ್ರೀ ಇದನ್ನ ಕಟ್ಟಿದವ್ರು? ಬೆಕ್ಕಿಗೆ ಜೋಕಾಲಿ ಕಟ್ಟಿಕೊಟ್ಟಾರ, ಪುಣ್ಯಾತ್ಮರು!" ಆಮೇಲೆ ತೂತಿಗೆ ಬೆರಳು ಹಾಕಿದ. ಅಂಚಿನ ಒಂದೊಂದೇ ಬೆತ್ತದ ತುದಿಯನ್ನು ಮುಟ್ಟಿದ. ನಗು ನಿಂತಿತು.

"ಈ ಕುರ್ಚಿ ಮ್ಯಾಲೆ ನಿಂತವ್ರು ಯಾರು?"

"ನಿಂತಿಲ್ಲ ಅಜ್ಜಾ, ಬೆಕ್ಕು ಹರದೈತಿ," ಅಂದಳು ಸುನಂದಾ.

"ಬೆಕ್ಕು ಕೆರದ್ರ ಬೆತ್ತದ ಹೊಳಪು ಹೋಗಿ ಎಳಿ ಎದ್ದಿರ್ತಾವ ಯಕ್ಕಾ. ಇಲ್ಲಿ ಹೊಳಪು ಹಂಗ ಐತಿ. ಬೆತ್ತ ಕೆಳಮುಖ ಮುರದೈತಿ, ಎರಡ ಕಡಿ. ಒಂದ ಹಿಮ್ಮಡ ಇಲ್ಲಿ, ಇನ್ನೊಂದ ಇಲ್ಲಿ. ನಾ ಹೆಣದ ಬೆತ್ತ, ನನಗ ಸುಳ್ಳ ಹೇಳೂದಿಲ್ಲ. ನಿಮ್ಮ ಬೆಕ್ಕು ಎರಡ ಕಾಲ ಮ್ಯಾಲೆ ನಿಂತು ಬಲ್ಬ ಹಾಕತೈತೇನು ಮತ್ತ?"

ಗೌರವ್ವ ತಲೆ ಎತ್ತಿ ಟ್ಯೂಬಲೈಟು ನೋಡಿದಳು. ಆಮೇಲೆ ಮಗನನ್ನು ನೋಡಿದಳು.

"ವಿರುಪ್ಯಾ, ಸೀಮಂತಕ್ಕ ಹೋದಾಗ ಈ ದೀಪಾ ಹತ್ತತಿರಲಿಲ್ಲ. ಬಂದಾಗ ಹತ್ತತಿತ್ತು. ಹೌದಿಲ್ಲೋ?"

ವಿರೂಪಾಕ್ಷಿಯ ಕಿವಿ ಕೆಂಪಾದವು. "ಹರದವ ನಾನ ಅಂತ ತಿಳಕೋ ಯವ್ವಾ. ಅದಕ್ಕೇನೀಗ? ನಿನ್ನ ತೊಡಿ ಹರದದ್ದು ಯಾರು? ಅದೂ ನಾನೇನು? ಉಗರ ಐತಿ ಅಂತನ ಹರೀತು. ನಾಳೆ ಉಗರ ತಗಸೂದ ತಗಸೂದು."

"ಉಗರ ತಗಸೂದು ಅಂದ್ರ?" ಎಂದು ಯಮನೂರಪ್ಪ ಕೇಳಿದ. ಸುನಂದಾ ಎಲ್ಲ ಹೇಳಿದಳು. ಹೇಳುವಾಗ ಅವಳ ದನಿ ಸಣ್ಣಗಾಯಿತು.

"ಎಲ್ಲೈತಿ ಬೆಕ್ಕು? ತಾ ಇಲ್ಲೆ."

ಕೆಂಚಿಯನ್ನು ತಂದು ಅವನ ತೊಡೆಯ ಮೇಲೆ ಇಟ್ಟಳು. ಗುರುತಿಲ್ಲದ ಕೈ. ಕೆಂಚಿ ಬಿಡುವಳೇ? ಮುಂಗೈಗೆ ಉದ್ದಕ್ಕೆ ಒಂದು ಎಳೆದಳು. ರಕ್ತ ಬಂತು. "ಭಲೇ! ಬಂದ ಕೂಡಲೇ ಕಾಫಿ ಕೊಟ್ಟಿ ನೋಡು," ಎಂದು ಮುದುಕ ನಕ್ಕ, ಕೈ ಮಾತ್ರ ತೆಗೆಯಲಿಲ್ಲ. ಕುತ್ತಿಗೆ ಸವರಿ ಸವರಿ, ಅವಳು ಸಡಿಲಾದ ಮೇಲೆ ಒಂದು ಪಾದವನ್ನು ಮೆಲ್ಲಗೆ ಒತ್ತಿದ. ಉಗುರು ಹೊರಬಂತು. ಅದರ ಬುಡ ಹಿಡಿದು ತನ್ನ ಬೆರಳನ್ನು ಹಿಂದಕ್ಕೆ ಒಯ್ದ. ಮತ್ತೆ ಒಯ್ದ. ಅವನ ಮುಖ ಬಿಗಿಯಿತು.

"ಸಾವ್ಕಾರ್ರ, ಇದು ನಮ್ಮ ಉಗರಿನಂಗ ಮ್ಯಾಲೆ ಅಂಟಿದ್ದಲ್ಲ. ಎಲುವಿನಾಗಿಂದ ಬಂದೈತಿ. ಇದನ್ನ ಬುಡಸಮೇತ ತಗೀಬೇಕಂದ್ರ ತುದಿ ಗೆಣ್ಣ ಕತ್ತರಸಬೇಕು. ಒಂದೊಂದ ಬೆರಳಿಂದೂ. ಬ್ಯಾರೆ ದಾರಿನ ಇಲ್ಲ."

"ನೀ ಏನ್ ಡಾಕ್ಟರೇನೋ ಅಜ್ಜಾ?"

"ಡಾಕ್ಟರಲ್ಲ. ಕತ್ತರಿಸಿಕೊಂಡವ." ಅವನು ಎಡಗೈಯನ್ನು ಮುಂದೆ ಚಾಚಿದ. "ಬೆತ್ತದ ಸಿಬರು ಹೊಕ್ಕು ಕೀವಾತು. ಡಾಕ್ಟರ ಅಂದ, ಜೀವಕ್ಕ ಅಪಾಯ ಐತಿ, ಒಂದ ಗೆಣ್ಣ ತಗದ್ರ ಮುಗೀತು ಅಂತ. ಅಂವಂದೇನೂ ತಪ್ಪಿಲ್ಲ, ತಗೀಲೇಬೇಕಾಗಿತ್ತು. ಆದ್ರ ಅಂವಗ ಮುಗೀತು, ನನಗ ಮುಗೀಲಿಲ್ಲ. ಆರು ವರ್ಷಾತು. ಚಳಿ ಬಿತ್ತಂದ್ರ ಇಲ್ಲದ ತುದಿ ಕಡೀತೈತಿ. ತುರಸಬೇಕಂದ್ರ ಅಲ್ಲಿ ಬೆರಳ ಇಲ್ಲ. ನನಗ ಹತ್ತ ಕಣ್ಣಿದ್ವು, ಈಗ ಒಂಬತ್ತು. ನನ್ನದು ಜೀವಾ ಉಳಸಾಕ ಹೋತು. ಇದರದು? ನಿಮ್ಮ ಕುರ್ಚಿ ಉಳಸಾಕೇನು?"

ವಿರೂಪಾಕ್ಷಿ ಮುಖಕ್ಕೆ ಪತ್ರಿಕೆ ಅಡ್ಡ ಹಿಡಿದ. ಸುನಂದಾ ತಂದ ಚಹಾದ ಬಟ್ಟಲು ಅವನ ಪಕ್ಕದಲ್ಲಿತ್ತು, ಅದರ ವಾಸನೆ ಮುದುಕನಿಗೆ ಬಂದಿತ್ತು.

"ಬೆರಳಿನ ತುದಿ ಒಳಗ ಮಡಚಿ ಆ ಚಹಾ ಕುಡೀರಿ ನೋಡೂಣು," ಅಂದ ಯಮನೂರಪ್ಪ.

"ಅದೇನ ದೊಡ್ಡದು?" ಎಂದು ವಿರೂಪಾಕ್ಷಿ ಹಟಕ್ಕೆ ಬಿದ್ದು ಬೆರಳು ಮಡಚಿ ಬಟ್ಟಲು ಎತ್ತಿದ. ಅರ್ಧ ಚಹಾ ಅಂಗಿಯ ಮೇಲೆ, ಅರ್ಧ ಪತ್ರಿಕೆಯ ಮೇಲೆ. ಗೌರವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಕ್ಕಿದ್ದರಿಂದ ಕೆಲಸ ಕೆಟ್ಟಿತು. ಅವನು ಎದ್ದು ನಿಂತ.

"ನನ್ನ ಮನ್ಯಾಗ ನನ್ನನ್ನ ಕುಣಿಸ್ತೀರೇನು? ಸೋಮವಾರ ಬೆಕ್ಕು ಹೋಗೂದು ಖರೆ. ನೀ ಕುರ್ಚಿ ಹೆಣಿ, ನಿನ್ನ ಕೆಲಸಾ ನೀ ಮಾಡು."

ಅಷ್ಟರಲ್ಲಿ ಯಮನೂರಪ್ಪ ನನ್ನ ಹಳೆಯ ಬೆತ್ತವನ್ನು ಕತ್ತರಿಸಿ ತೆಗೆದಾಗಿತ್ತು. ಹೊಸ ಬೆತ್ತ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಅವನು ಅದನ್ನು ನೀರಿನಿಂದ ಎತ್ತಿ, ಜಾಡಿಸಿ, ಸುರುಳಿ ಸುತ್ತಿದ.

"ಆ ಬೆಕ್ಕಿನ ಬೆರಳು ಕತ್ತರಿಸಿದ ಮನ್ಯಾಗ ನನ್ನ ಬೆರಳು ಕೆಲಸಾ ಮಾಡೂದಿಲ್ಲ ಸಾವ್ಕಾರ್ರ. ಬ್ಯಾರೆದವರನ್ನ ನೋಡಿಕೋರಿ."

ಕೋಲು ಟಕ್ ಟಕ್ ಎಂದು ಹೋಯಿತು. ನಾನು ಬಡಿಗೇರರ ಮನೆಯಲ್ಲಿ ಮೊದಲ ದಿನ ಹೇಗಿದ್ದೆನೋ ಹಾಗೆ, ಬರಿ ಚೌಕಟ್ಟಾಗಿ ನಿಂತೆ. ನನಗೆ ಬೇಸರವಾಯಿತೆಂದು ತಿಳಿಯಬೇಡಿ. ಅಷ್ಟು ಮರ್ಯಾದೆಯಿಂದ ನಾನು ಯಾವತ್ತೂ ಖಾಲಿ ಇದ್ದಿಲ್ಲ.

ಸೋಮವಾರ ಬೆಳಿಗ್ಗೆ ವಿರೂಪಾಕ್ಷಿ ಮುಚ್ಚಳವಿದ್ದ ಬುಟ್ಟಿ ತಂದು ಹೊಸ್ತಿಲ ಬಳಿ ಇಟ್ಟ. ಆಟೋದವನು ಹೊರಗೆ ಹಾರ್ನ್ ಹೊಡೆಯುತ್ತಿದ್ದ. ಬಸ್ಸಿಗೆ ಹೊತ್ತಾಗಿತ್ತು. ಒಳಗೆ ಬಂದು ನೋಡಿದರೆ, ರೊಟ್ಟಿ ಬಡಿಯುವ ಹಲಗೆಯನ್ನು ನನ್ನ ಚೌಕಟ್ಟಿನ ಮೇಲೆ ಅಡ್ಡ ಹಾಕಿ, ಅದರ ಮೇಲೆ ಗೌರವ್ವ ಕೂತಿದ್ದಳು. ಮಡಿಲಲ್ಲಿ ಕೆಂಚಿ. ಹಲಗೆ ಹಾಕಿದವಳು ಸುನಂದಾ. ಅಡುಗೆಮನೆಯ ಬಾಗಿಲಲ್ಲಿ, ಹಿಟ್ಟು ಹತ್ತಿದ ಕೈಯಲ್ಲೇ ನಿಂತಿದ್ದಳು.

"ಏಳ ಯವ್ವಾ. ಹೊತ್ತಾತು."

"ನಾ ಏಳೂದಿಲ್ಲ. ಹರದ ತೊಡಿ ಯಾರ್ದು? ನಂದು. ಸಿಟ್ಟ ಬರಬೇಕಾದ್ದು ಯಾರಿಗೆ? ನನಗ. ನನ್ನ ಕೇಳೀಯೇನು ನೀ? ನಿನ್ನ ಹೆಣ್ತೀನ್ನ ಕೇಳೀಯೇನು? ನನ್ನ ತೊಡಿ ಮುಂದ ಮಾಡಿ ನಿನ್ನ ತಪ್ಪ ಮುಚ್ಚತೀಯಲ್ಲೋ!"

"ನಿನ್ನ ಸಲುವಾಗಿ ಮಾಡಾಕತ್ತೀನಿ ನಾ!"

"ನನ್ನ ಸಲುವಾಗಿ ಬ್ಯಾಡ. ಸಣ್ಣವ ಇದ್ದಾಗ ನೀ ನನ್ನ ಎಷ್ಟ ಸಲ ಪರಚಿಯೋ, ನೆನಪೈತೇನು? ಹಾಲ ಬಿಡಸೂ ಮುಂದ ಎದಿ ಮ್ಯಾಲೆ ರಕ್ತಾ ತಗದಿದ್ದಿ. ನಿಮ್ಮಪ್ಪ ನಿನ್ನ ಯಾವ ಡಾಕ್ಟರ ಕಡೆ ಒಯ್ದಿದ್ದ? ಉಗರ ಕತ್ತರಸಿದ್ವಿ, ಬೆರಳ ಬಿಟ್ವಿ. ಇಕಾ, ಒಯ್ಯಾಂವಿದ್ರ ಒಯ್ಯಿ. ಬೆಕ್ಕು, ನಾನು, ಕುರ್ಚಿ. ಮೂವರನ್ನೂ ಹೊತಗೊಂಡ ಹೋಗು."

ಕುರ್ಚಿ! ನನ್ನನ್ನೂ ಲೆಕ್ಕಕ್ಕೆ ಹಿಡಿದಳು ಮುದುಕಿ. ಆರು ದಶಕಗಳಲ್ಲಿ ನನ್ನನ್ನು ಒಬ್ಬರೆಂದು ಎಣಿಸಿದವಳು ಅವಳೊಬ್ಬಳೇ. ನಾನು ನಾಲ್ಕೂ ಕಾಲನ್ನು ನೆಲಕ್ಕೆ ಊರಿದೆ. ವಿರೂಪಾಕ್ಷಿ ಬಗ್ಗಿ ನನ್ನ ಕೈ ಹಿಡಿದು ನಿಜ ಎತ್ತಲು ನೋಡಿದ. ಸಾಗುವಾನಿಯ ತೂಕ, ಮೇಲೆ ತಾಯಿಯ ತೂಕ. ಒಂದು ಅಂಗುಲ ಅಲ್ಲಾಡಲಿಲ್ಲ. ಹೊರಗೆ ಹಾರ್ನ್ ಮತ್ತೆ ಮತ್ತೆ ಕೇಳಿತು.

ಆಗ ಸುನಂದಾ ಬಾಗಿಲಿಗೆ ಹೋಗಿ, ಹಿಟ್ಟಿನ ಕೈ ಎತ್ತಿ, "ಹೋಗ್ರಿ ತಮ್ಮಾ, ಇವತ್ತ ಯಾರೂ ಊರಿಗೆ ಹೋಗೂದಿಲ್ಲ," ಎಂದು ಆಟೋದವನಿಗೆ ಹೇಳಿದಳು. ಗಂಡನ ಮುಂದೆ ಅವಳ ದನಿ ಅಷ್ಟು ದೊಡ್ಡದಾಗಿ ಬಂದದ್ದನ್ನು ನಾನು ಆವತ್ತೇ ಕೇಳಿದ್ದು. ಆಟೋ ಹೋಯಿತು. ವಿರೂಪಾಕ್ಷಿ ಖಾಲಿ ಬುಟ್ಟಿಯನ್ನು ಕಾಲಿನಿಂದ ಒದ್ದು ಅಂಗಡಿಗೆ ಹೊರಟ. ಎರಡು ಹೆಜ್ಜೆ ಹೋಗಿ ಮತ್ತೆ ಬಂದು, "ಆ ಮುದುಕಗ ಹೇಳಿ ಕಳಸ್ರಿ, ಬಂದು ಹೆಣೀಲಿ," ಅಂದ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಅಷ್ಟನ್ನೇ ಅವರು ತಪ್ಪಾಯಿತೆಂದು ತಿಳಿದುಕೊಂಡರು.

ಯಮನೂರಪ್ಪ ಬಂದ. ಒಂಬತ್ತು ಬೆರಳಿನಿಂದ ನಾಲ್ಕು ದಿನ ಹೆಣೆದ. ಒಂದು ಮೂಲೆಯಲ್ಲಿ ಹೆಣಿಗೆ ಸ್ವಲ್ಪ ಸಡಿಲ ಉಳಿಯಿತು. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಮೈಮೇಲೆ ಅವನು ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ಇಷ್ಟದ್ದು ಆ ಮೂಲೆ. ಹೋಗುವ ಮುನ್ನ ಆ ಗೋಣಿತಟ್ಟನ್ನು ಪಡಸಾಲೆಯ ಕಂಬಕ್ಕೆ ಸುತ್ತಿ ಬಿಗಿದ. "ಜೋಕಾಲಿ ಇಲ್ಲಿರ್ಲಿ," ಅಂದ. ಅಂದಿನಿಂದ ಕೆಂಚಿಯ ಮಲ್ಲಯುದ್ಧವೆಲ್ಲ ಕಂಬದ ಜೊತೆಗೆ. ಹದಿನೈದು ದಿನಕ್ಕೊಮ್ಮೆ ಸುನಂದಾ ಅವಳನ್ನು ಬಿಸಿಲಿಗೆ ಒಯ್ದು, ನೇಲ್ ಕಟರಿನಿಂದ ಉಗುರಿನ ಚೂಪು ತುದಿಯನ್ನಷ್ಟೇ ಕತ್ತರಿಸುತ್ತಿದ್ದಳು. ಗೌರವ್ವ ಹಿಡಿದುಕೊಳ್ಳುತ್ತಿದ್ದಳು. ಕೆಂಚಿ ಇಬ್ಬರಿಗೂ ಬೈಯುತ್ತಿದ್ದಳು. ಅದಕ್ಕೆ ಕಾಲು ಗಂಟೆ ಬೇಕು, ಸ್ವಲ್ಪ ಸೈರಣೆ ಬೇಕು. ಅದಿಲ್ಲದವರು ಬೆಕ್ಕು ಸಾಕಬಾರದು. ಉಗುರು ಬೇಡವಾದರೆ ಮೀನು ಸಾಕಿಕೊಳ್ಳಲಿ.

ವರ್ಷಗಳು ಹೋದವು. ಗೌರವ್ವ ಹೋದಳು, ಕಾಲಿನ ಗಾಯದಿಂದಲ್ಲ, ವಯಸ್ಸಾಗಿ. ಯಮನೂರಪ್ಪನ ಕೋಲಿನ ಸದ್ದು ಈ ಬೀದಿಗೆ ಬಂದು ಬಹಳ ದಿನವಾಯಿತು. ನನ್ನನ್ನು ಈಗ ಹಿತ್ತಲ ಕಟ್ಟೆಗೆ ಹಾಕಿದ್ದಾರೆ. ಬೆಳಗಿನ ಬಿಸಿಲು ಬರುತ್ತದೆ. ಸಂಜೆ ವಿರೂಪಾಕ್ಷಿ ಬಂದು ಕೂಡುತ್ತಾನೆ. ಅವನ ತಲೆ ಬೆಳ್ಳಗಾಗಿದೆ.

ಮೊನ್ನೆ ಹಳೆಯ ಸಾಮಾನು ಕೊಳ್ಳುವವನೊಬ್ಬ ಬಂದಿದ್ದ. ನನ್ನನ್ನು ತಿರುಗಿಸಿ, ಬಗ್ಗಿಸಿ, ತಟ್ಟಿ ನೋಡಿದ. "ಒಳ್ಳೆ ಕಟ್ಟಿಗಿರೀ. ಈ ಗೀರಷ್ಟ ಹತ್ತರಿ ಹೊಡದು ತಗದ್ರ ಹೊಸದ ಆಕೈತಿ," ಅಂದ.

"ತಗೀಬ್ಯಾಡ್ರಿ," ಅಂದ ವಿರೂಪಾಕ್ಷಿ.

"ಗೀರು ಇದ್ರ ಯಾರೂ ಕೊಳ್ಳೂದಿಲ್ರೀ."

"ಹೌದಾ? ಹಂಗಾರ ಚಲೋ ಆತು. ಹೋಗಿ ಬರ್ರಿ."

ಗಿರಾಕಿ ಹೋದ. ಗೀರಿಲ್ಲದ ಕುರ್ಚಿ ಅಂಗಡಿಯಲ್ಲಿ ಸಿಗುತ್ತದೆ. ಅದರ ಮೇಲೆ ಇನ್ನೂ ಯಾರೂ ಕೂತಿಲ್ಲ, ಅದರ ಹತ್ತಿರ ಇನ್ನೂ ಯಾರೂ ಬದುಕಿಲ್ಲ, ಅಷ್ಟೇ ಅದರ ಅರ್ಥ.

ಕೆಂಚಿಗೂ ವಯಸ್ಸಾಗಿದೆ. ಕಂಬದ ತನಕ ಹೋಗಲು ಬೇಸರ. ಬೆಳಿಗ್ಗೆ ಎದ್ದು ಮೆಲ್ಲಗೆ ನನ್ನ ಹತ್ತಿರ ಬರುತ್ತಾಳೆ. ಮುಂದಿನ ಪಾದ ಎರಡನ್ನೂ ನನ್ನ ಕಾಲಿನ ಮೇಲೆ ಎತ್ತರಕ್ಕೆ ಇಟ್ಟು, ಉಗುರು ಊರಿ, ಹಿಂದಕ್ಕೆ ಜಗ್ಗುತ್ತಾಳೆ. ಕುತ್ತಿಗೆ, ಹೆಗಲು, ಬೆನ್ನು, ಸೊಂಟ, ಬಾಲದ ಬಿಳಿ ತುದಿಯ ತನಕ ಒಂದೊಂದೇ ಕೀಲು ಬಿಚ್ಚಿಕೊಳ್ಳುತ್ತದೆ. ಮುದಿ ಮೈ ಒಂದು ಗಳಿಗೆ ಮರಿಯ ಮೈಯಾಗುತ್ತದೆ. ಎಲ್ಲಾದರೂ ಉಗುರು ಊರದೆ ಹಾಗೆ ಮೈ ಮುರಿಯಲು ಬರುವುದಿಲ್ಲ. ಇಷ್ಟು ವರ್ಷ ಜನ ಅದನ್ನು ಕುರ್ಚಿ ಕೆಡಿಸುವುದು ಅಂದರು.

ಇಗೋ, ಬಂದಳು. ನಾನು ನಾಲ್ಕೂ ಕಾಲನ್ನು ಗಟ್ಟಿಯಾಗಿ ಊರಿದ್ದೇನೆ. ಜಗ್ಗಲಿ.